ಬಾಟಲಿ ಕತ್ತಿಮೊಳೆಗೆ ಬಂದದ್ದು ಹೇಗೆ: ಮಲೆನಾಡಿನ ಒಂದು ಪ್ರಕರಣ

ಕೊಟ್ಟಿಗೆ ಗೋಡೆಯಲ್ಲಿ ಕತ್ತಿ ನೇತು ಹಾಕುವ ಮೊಳೆಗೆ, ಮಂಗನ ಕಾಯಿಲೆ ಬರದ ಹಾಗೆ ಹಚ್ಚಿಕೊಳ್ಳುವ ಎಣ್ಣೆಯ ಒಂದು ಬಾಟಲಿ ನೇತು ಹಾಕಿದರು. ಈ ಪ್ರಕರಣದಲ್ಲಿ ನಡೆದದ್ದು ಅಷ್ಟೇ. ಆದರೆ ಅಷ್ಟಕ್ಕೆ ಬರೋದಕ್ಕೆ ಒಂದೂವರೆ ತಿಂಗಳು ಹಿಡಿಯಿತು, ನಡುವೆ ಎರಡು ಸಲ ದಾರಿ ತಪ್ಪಿತು. ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ತಂಡದಲ್ಲಿ ನಾನೂ ಒಬ್ಬ. ನಾವು ಕೊಟ್ಟ ತರಬೇತಿಯಲ್ಲಿ ಇಲ್ಲದ ಒಂದು ವಿಷಯ ಇಲ್ಲಿ ಕೆಲಸ ಮಾಡಿತು, ಹಾಗಾಗಿ ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು.

ಇದು ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನ ಒಂದು ಮಜರೆ. ಊರಿನ ಹೆಸರು, ಜನರ ಹೆಸರು ಬರೆಯುವುದಿಲ್ಲ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿನ ಮುಖ್ಯ ವ್ಯಕ್ತಿ ಒಬ್ಬ ಆಶಾ ಕಾರ್ಯಕರ್ತೆ. ಊರವರೆಲ್ಲ ಅವರನ್ನು ಅಕ್ಕ ಅಂತ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಬರೆಯೋದಕ್ಕೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: "ಎಲ್ಲಾ ನನ್ನ ಬುದ್ಧಿ ಅಂತ ಬರೀಬೇಡಿ ಸಾರ್, ಅರ್ಧ ಅಜ್ಜಿದು."

ಕಾಡು, ಉಣುಗು, ಎಣ್ಣೆ

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಜನಕ್ಕೂ ಜ್ವರ ಬಂತು. ಆಗ ಪತ್ತೆಯಾದ ವೈರಸ್ ಇದು, ಆ ಕಾಡಿನ ಹೆಸರನ್ನೇ ಇಟ್ಟುಕೊಂಡಿದೆ. ಹರಡೋದು ಮೈಗೆ ಹತ್ತಿ ರಕ್ತ ಹೀರುವ ಉಣುಗಿನಿಂದ, ಕೆಲವರು ಉಣ್ಣೆ ಅಂತಾರೆ. ಮಳೆ ನಿಂತು ಕಾಡು ಒಣಗಿದ ಮೇಲೆ ಮರಿ ಉಣುಗು ಜಾಸ್ತಿ. ಎಷ್ಟು ಚಿಕ್ಕದು ಅಂದರೆ ಕಾಲಿಗೆ ಹತ್ತಿದ್ದೂ ಗೊತ್ತಾಗಲ್ಲ. ಹಾಗಾಗಿ ಡಿಸೆಂಬರಿನಿಂದ ಮೇ ತನಕ ಇಲ್ಲಿ ಭಯದ ಕಾಲ. 2018-19ರ ಬೇಸಿಗೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಈ ಕಾಯಿಲೆ ಹಬ್ಬಿ ಜನ ಸತ್ತದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಈ ಕಾಯಿಲೆಗೇ ಅಂತ ಬೇರೆ ಔಷಧಿ ಇಲ್ಲ, ಆಸ್ಪತ್ರೆಯಲ್ಲಿ ಜ್ವರ, ನಿರ್ಜಲತೆ, ರಕ್ತಸ್ರಾವ ನೋಡಿಕೊಂಡು ಕಾಪಾಡಬೇಕು. ಬಂದವರಲ್ಲಿ 100ಕ್ಕೆ 3ರಿಂದ 5 ಜನ ಉಳಿಯಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತಿತು. ಈ ಪ್ರಕರಣ ಲಸಿಕೆ ನಿಂತ ಮೇಲಿನದು.

ಉಳಿದ ದಾರಿ ಅಂದರೆ ಉಣುಗು ಕಚ್ಚದ ಹಾಗೆ ನೋಡಿಕೊಳ್ಳೋದು. ಅದಕ್ಕೆ ಡೆಪಾ ಎಣ್ಣೆ ಇದೆ. ಕೇಂದ್ರ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತಯಾರಿಸಿದ್ದು, ಕಾಡಂಚಿನ ಹಳ್ಳಿಗಳಲ್ಲಿ ಮನೆಮನೆಗೆ ಉಚಿತವಾಗಿ ಹಂಚುತ್ತಾರೆ. ಕಾಡಿಗೆ ಹೊರಡುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಕೆಲವು ಗಂಟೆ ಉಣುಗು ಹತ್ತಿರ ಬರಲ್ಲ. ವಾಪಸ್ ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು.

ಕಾಡಿಗೇ ಹೋಗಬೇಡಿ ಅಂದರೆ ಆಯ್ತಲ್ವಾ ಅಂತ ಹೊರಗಿನವರು ಕೇಳುತ್ತಾರೆ. ಆಗಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಗು ಬೇಕು, ಬಚ್ಚಲೊಲೆಗೆ ಕಟ್ಟಿಗೆ ಬೇಕು. ದರಗು ಅಂದರೆ ಬೆಟ್ಟದಲ್ಲಿ ಉದುರಿದ ಒಣ ಎಲೆ. ಅದು ಉದುರುವ ಕಾಲವೂ ಉಣುಗಿನ ಕಾಲವೂ ಒಂದೇ. ಗುಡಿಸಿ, ಹೆಡಿಗೆಗೆ ತುಂಬಿ, ಕಾಲಲ್ಲಿ ಒತ್ತಿ, ತಲೆ ಮೇಲೆ ಹೊತ್ತು ತರುತ್ತಾರೆ. ಉಣುಗಿನ ಮನೆಯನ್ನೇ ಹೊತ್ತು ತಂದ ಹಾಗೆ.

ತುಂಬಿದ ಬಾಟಲಿಗಳು

ಮಜರೆಯಲ್ಲಿ ಮೂವತ್ತು ಚಿಲ್ಲರೆ ಮನೆ. ಡಿಸೆಂಬರ್ ಶುರುವಿನಲ್ಲೇ ಅಕ್ಕ ಎಲ್ಲರಿಗೂ ಎಣ್ಣೆ ಕೊಟ್ಟಿದ್ದರು, ಹೇಗೆ ಹಚ್ಚಬೇಕು ಅಂತ ತೋರಿಸಿದ್ದರು. ಪ್ರತಿ ವಾರ ಹೋಗಿ "ಎಣ್ಣೆ ಹಚ್ಕಳ್ತಿದ್ದೀರಾ?" ಅಂತ ಕೇಳುತ್ತಿದ್ದರು. "ಹೌದಕ್ಕ, ಹಚ್ಕಳ್ತಿದ್ದೀವಿ" ಅಂತ ಉತ್ತರ. ಪುಸ್ತಕದಲ್ಲಿ ಎಲ್ಲ ಮನೆಗೂ ಸರಿ ಗುರುತು ಬಿದ್ದಿತ್ತು.

ಜನವರಿಯಲ್ಲಿ ಬೆಟ್ಟದ ದಾರಿಯಲ್ಲಿ ಒಂದು ಮಂಗ ಸತ್ತು ಬಿದ್ದಿತು. ಹನುಮಂತ ಅಂತ ಹೂ ಹಾಕಿ ಮಣ್ಣು ಮಾಡೋ ಪದ್ಧತಿ ಇಲ್ಲಿದೆ. ಹುಡುಗರು ಎತ್ತೋದಕ್ಕೆ ಹೊರಟಿದ್ದರು. ಅಕ್ಕ ಓಡಿಹೋಗಿ ಮುಟ್ಟಬೇಡಿ ಅಂತ ತಡೆದು ಮೇಲಿನವರಿಗೆ ಫೋನ್ ಮಾಡಿದರು. ಅವರು ಬಂದು ಪರೀಕ್ಷೆಗೆ ಮಾದರಿ ತೆಗೆದುಕೊಂಡು ಹೋದರು, ಸುತ್ತ ಉಣುಗು ಸಾಯುವ ಪುಡಿ ಹಾಕಿದರು. ಅವತ್ತು ಸಂಜೆ ಅಕ್ಕನಿಗೆ ಸುಮ್ನೆ ಕೂರಲು ಆಗಲಿಲ್ಲ. ಒಂದು ಮನೆಗೆ ಹೋಗಿ, ಕೇಳೋದು ಬಿಟ್ಟು, "ಬಾಟಲಿ ತನ್ನಿ ನೋಡಣ" ಅಂದರು.

ಮನೆಯಾಕೆ ದೇವರ ಕೋಣೆಗೆ ಹೋದರು. ಫೋಟೋ ಪಕ್ಕದಿಂದ ಬಾಟಲಿ ತಂದರು. ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಮುಂದಿನ ಮನೆಯಲ್ಲಿ ಅದು ಬೀರುವಿನ ಒಳಗೆ ಸೀರೆ ಕೆಳಗಿತ್ತು. ಮತ್ತೊಂದರಲ್ಲಿ ಬಿಪಿ ಮಾತ್ರೆ ಡಬ್ಬಿಯಲ್ಲಿ. ಹೀಗೇ ಎರಡು ದಿನದಲ್ಲಿ ಎಲ್ಲಾ ಮನೆ ನೋಡಿದರು. ಸ್ವಲ್ಪವಾದರೂ ಖಾಲಿಯಾಗಿದ್ದ ಬಾಟಲಿ ನಾಲ್ಕೇ ನಾಲ್ಕು.

ಯಾರೂ ಬೇಕಂತ ಸುಳ್ಳು ಹೇಳಿದ್ದಲ್ಲ ಅಂತ ನನ್ನ ನಂಬಿಕೆ. ಮನೆಗೆ ಬಂದ ಅಕ್ಕನ ಮನಸ್ಸು ನೋಯಿಸಬಾರದು ಅಂತ ಹೌದು ಅಂದಿದ್ದಾರೆ. ನಮ್ಮ ಕಡೆ ಹಾಗೇ ಅಲ್ವಾ, ಊಟ ಆಯ್ತಾ ಅಂತ ಕೇಳಿದರೆ ಆಗದಿದ್ದರೂ ಆಯ್ತು ಅಂತೀವಿ.

ಮೊದಲು ಮಾಡಿದ್ದು

ಅಕ್ಕ ಮೊದಲು ನನಗೆ ಫೋನ್ ಮಾಡಿದರು. ನಾನು ಹೇಳಿದ್ದು ಎಲ್ಲರೂ ಹೇಳೋದನ್ನೇ. ಇನ್ನೊಂದು ಸಭೆ ಮಾಡಿ, ಕರಪತ್ರ ಮತ್ತೆ ಹಂಚಿ, ಅರಳಗೋಡಿನ ನೆನಪು ಮಾಡಿ, ಸ್ವಲ್ಪ ಹೆದರಿಸಿದರೂ ಪರವಾಗಿಲ್ಲ. ಜನಕ್ಕೆ ವಿಷಯ ಗೊತ್ತಿಲ್ಲ, ಗೊತ್ತಾದರೆ ಹಚ್ಚುತ್ತಾರೆ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅದು ತಪ್ಪು. ಸಭೆಗೆ ಬಂದವರಿಗೆ ಮಂಗನ ಕಾಯಿಲೆ ಬಗ್ಗೆ ನನಗಿಂತ ಜಾಸ್ತಿ ಗೊತ್ತಿತ್ತು. ಒಬ್ಬರ ತಮ್ಮನಿಗೇ ಬಂದು ವಾಸಿಯಾಗಿತ್ತು. ಅವರ ಮನೆ ಬಾಟಲಿಯೂ ತುಂಬೇ ಇತ್ತು!

ಸಭೆ ಆದ ವಾರ ಮತ್ತೆ ಬಾಟಲಿ ನೋಡಿದರು. ನಾಲ್ಕು ಇದ್ದದ್ದು ಆರು ಆಗಿತ್ತು.

ಆಗ ಅಕ್ಕನೇ ಒಂದು ಉಪಾಯ ಮಾಡಿದರು. ಜನ ಯಾವುದನ್ನು ಮರೆಯಲ್ಲ ಅಂತ ಯೋಚನೆ ಮಾಡಿದರು. ಕವಳ ಮರೆಯಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕದೆ ಇಲ್ಲಿ ಯಾರೂ ಏಳಲ್ಲ. ಹಾಗಾದರೆ ಎಣ್ಣೆ ಬಾಟಲಿಯನ್ನು ಕವಳದ ತಬಕಿನ ಪಕ್ಕದಲ್ಲೇ ಇಟ್ಟರೆ? ಮೂರು ಮನೆಯಲ್ಲಿ ಇಡಿಸಿದರು. ಕೇಳಿದಾಗ ನನಗೂ ಬಹಳ ಖುಷಿಯಾಯಿತು. ಅಕ್ಕನ ಖುಷಿ ಎರಡೇ ದಿನಕ್ಕೆ ಇಳಿಯಿತು. ಒಬ್ಬ ಯಜಮಾನರು ಕಾಲಿಗೆ ಎಣ್ಣೆ ತಿಕ್ಕಿ, ಅದೇ ಕೈಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚೋದನ್ನು ಅವರು ಕಣ್ಣಾರೆ ನೋಡಿದರು. ಆ ಎಣ್ಣೆ ಬಾಯಿಗೆ ಹೋಗಬಾರದು. ಅವತ್ತೇ ಮೂರೂ ಬಾಟಲಿ ತಬಕಿನ ಹತ್ತಿರದಿಂದ ತೆಗೆಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದೇ. ಹೊಸ ಯೋಚನೆ ಬಂದಾಗ ಅದರ ಮೇಲೆ ಪ್ರೀತಿ ಹುಟ್ಟುತ್ತದೆ, ಬಿಡೋದಕ್ಕೆ ಮನಸ್ಸು ಬರಲ್ಲ, ಕೈ ತೊಳೆದುಕೊಂಡು ಕವಳ ಹಾಕಿ ಅಂತ ಒಂದು ಸೂಚನೆ ಸೇರಿಸಿ ಅದನ್ನೇ ಉಳಿಸಿಕೊಳ್ಳೋಣ ಅನ್ನಿಸುತ್ತದೆ. ಅಕ್ಕ ಹಾಗೆ ಮಾಡಲಿಲ್ಲ. ಜನ ಕೈ ತೊಳೆಯಲ್ಲ ಅಂತ ಅವರಿಗೆ ಗೊತ್ತಿತ್ತು. ಉಪಾಯವನ್ನು ಬಿಟ್ಟರು, ಆದರೆ ಅದರ ಒಳಗಿದ್ದ ಪ್ರಶ್ನೆಯನ್ನು ಬಿಡಲಿಲ್ಲ: ಜನ ದಿನಾ ಮಾಡುವ ಯಾವ ಕೆಲಸದ ಪಕ್ಕ ಈ ಬಾಟಲಿ ಕೂರಬೇಕು?

ಬೆಳಿಗ್ಗೆ ಆರೂವರೆ

ಅಕ್ಕ ಯಾವಾಗಲೂ ಮನೆ ಭೇಟಿಗೆ ಹೋಗುತ್ತಿದ್ದದ್ದು ಹನ್ನೊಂದರ ಮೇಲೆ. ಅಷ್ಟೊತ್ತಿಗೆ ಕಾಡಿಗೆ ಹೋಗುವವರು ಹೋಗಿ ಆಗಿರುತ್ತಿತ್ತು. ಜನ ಹೊರಡೋದನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಒಂದು ದಿನ ಆರೂವರೆಗೆ, ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿರುವಾಗ, ದರಗಿಗೆ ಹೊರಟ ಇಬ್ಬರು ಹೆಂಗಸರ ಜೊತೆ ತಾವೂ ಹೊರಟರು. ಎಣ್ಣೆ ಮಾತು ಎತ್ತಲಿಲ್ಲ.

ಅವರು ನೋಡಿದ್ದನ್ನು ನನಗೆ ಒಂದೊಂದಾಗಿ ಹೇಳಿದ್ದಾರೆ. ಮೊದಲು ದನಕ್ಕೆ ಹುಲ್ಲು, ಹಾಲು ಕರೆಯೋದು. ಹಾಲಿನ ಚೊಂಬನ್ನು ಸೊಸೆ ಬಂದು ಒಳಗೆ ಒಯ್ಯುತ್ತಾಳೆ. ಆಮೇಲೆ ಕೊಟ್ಟಿಗೆಯಲ್ಲೇ ಹಳೇ ಅಂಗಿ ಏರಿಸಿಕೊಳ್ಳೋದು. ಕೊಟ್ಟಿಗೆ ಗೋಡೆಯಲ್ಲಿ ಒಂದು ಉದ್ದ ಮೊಳೆ, ಅದರಲ್ಲಿ ಕತ್ತಿ. ಅದರ ಕೆಳಗೆ ಹೆಡಿಗೆ, ಹಗ್ಗ, ತಲೆಗೆ ಹಾಳೆಟೋಪಿ. ಕತ್ತಿ ತೆಗೆದರು, ಅದರ ಬಾಯಿಯನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ ನೋಡಿದರು, ಹಿತ್ತಲ ಗೇಟು ತೆಗೆದು ನಡೆದೇ ಬಿಟ್ಟರು. ಆ ಒಂದು ಗಂಟೆಯಲ್ಲಿ ಅವರು ಮನೆಯ ಒಳಗೆ ಕಾಲೇ ಇಡಲಿಲ್ಲ. ಕೊಟ್ಟಿಗೆಯ ಸಗಣಿ ಕಾಲಲ್ಲಿ ಒಳಗೆ ಹೋಗೋ ಹಾಗೂ ಇಲ್ಲ, ದೇವರ ಕೋಣೆಗಂತೂ ಮಾತೇ ಇಲ್ಲ.

ಎಣ್ಣೆ ಬಾಟಲಿ ಇದ್ದದ್ದು ದೇವರ ಕೋಣೆಯಲ್ಲಿ.

"ಸಾರ್, ಅವರು ಮರೆತಿದ್ದಲ್ಲ. ನಾವು ಅದನ್ನ ಔಷಧಿ ಅಂತ ಕೊಟ್ವಿ. ಔಷಧಿನ ಯಾರು ಕೊಟ್ಟಿಗೆಲಿ ಇಡ್ತಾರೆ? ಜೋಪಾನ ಮಾಡಿದಾರೆ, ಪಾಪ." ಅಕ್ಕ ಅವತ್ತು ಫೋನಿನಲ್ಲಿ ಹೇಳಿದ ಮಾತು ಇದು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಈ ಮಾತೇ. ಇವರಿಗೆ ಹೇಗೆ ತಿಳಿಸಿ ಹೇಳೋದು ಅಂತ ನಾವಿಬ್ಬರೂ ಒಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆವು. ಒಂದು ಬೆಳಗಿನ ನಡಿಗೆಯಲ್ಲಿ ಆ ಪ್ರಶ್ನೆಯೇ ಬಿದ್ದುಹೋಗಿ, ಬಾಟಲಿ ಎಲ್ಲಿರಬೇಕು ಅನ್ನುವ ಸಣ್ಣ ಪ್ರಶ್ನೆ ಉಳಿಯಿತು.

ಮನಶ್ಶಾಸ್ತ್ರದಲ್ಲಿ ಕಾರ್ಲ್ ಡಂಕರ್ ಅನ್ನುವ ಜರ್ಮನ್ ವಿದ್ವಾಂಸರ ಒಂದು ಪ್ರಯೋಗ ಇದೆ, 1945ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದದ್ದು. ಒಂದು ಮೇಣದ ಬತ್ತಿ, ಬೆಂಕಿಕಡ್ಡಿ, ಒಂದು ಪೆಟ್ಟಿಗೆ ತುಂಬ ಚಿಕ್ಕ ಮೊಳೆ ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಅಂತಾರೆ. ಉತ್ತರ ಸುಲಭ. ಪೆಟ್ಟಿಗೆ ಖಾಲಿ ಮಾಡಿ, ಅದನ್ನೇ ಗೋಡೆಗೆ ಹೊಡೆದು, ಮೇಲೆ ಬತ್ತಿ ನಿಲ್ಲಿಸಬೇಕು. ಆದರೆ ಬಹಳ ಜನಕ್ಕೆ ಹೊಳೆಯಲ್ಲ, ಯಾಕಂದರೆ ಪೆಟ್ಟಿಗೆ ಇರೋದು ಮೊಳೆ ಇಡೋದಕ್ಕೆ ಅಂತ ಕಣ್ಣು ಮೊದಲೇ ನಿರ್ಧಾರ ಮಾಡಿರುತ್ತದೆ. ಮೊಳೆಯನ್ನು ಹೊರಗೆ ಹಾಕಿ ಖಾಲಿ ಪೆಟ್ಟಿಗೆ ಕೊಟ್ಟರೆ ಜಾಸ್ತಿ ಜನ ಬಿಡಿಸುತ್ತಾರೆ. ನಾನು ಇದನ್ನು ತರಬೇತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಎಣ್ಣೆ ಬಾಟಲಿ ಮಾತ್ರ ನನಗೂ ಔಷಧಿಯಾಗಿಯೇ ಕಂಡಿತ್ತು. ಕತ್ತಿ, ಹಗ್ಗ, ಹೆಡಿಗೆಯ ಹಾಗೆ ಅದೂ ಕಾಡಿಗೆ ಹೋಗುವ ಒಂದು ಸಾಮಾನು ಅಂತ ಹೊಳೆದದ್ದು ಅಕ್ಕನಿಗೆ.

ಮೊಳೆ, ಮತ್ತೆ ಅಜ್ಜಿಯ ಮಾತು

ಮಾರನೇ ದಿನದಿಂದ ಅಕ್ಕ ಮನೆಮನೆಗೆ ಹೋಗಿ ಬಾಟಲಿಯನ್ನು ಹೊರಗೆ ತರಿಸಿದರು. ಕುತ್ತಿಗೆಗೆ ಸುಂಬದ ಹಗ್ಗ ಕಟ್ಟಿ ಕತ್ತಿಮೊಳೆಗೇ ನೇತು ಹಾಕಿದರು. ಕತ್ತಿ ತೆಗೆಯಬೇಕಾದರೆ ಬಾಟಲಿ ಕೈಗೆ ತಗುಲಲೇಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೊಳೆಯನ್ನೇ ಮೇಲೆ ಹೊಡೆಸಿದರು. ಭಾಷಣ ಏನೂ ಇಲ್ಲ. "ಕತ್ತಿ ಮುಟ್ಟಿದ್ರೆ ಎಣ್ಣೆ ಮುಟ್ಟಿ, ಆಮೇಲೆ ಕೊಟ್ಟಿಗೆ ಬಾನಿ ನೀರಲ್ಲಿ ಅಂಗೈ ತೊಳೀರಿ" ಅಂತ ಒಂದು ಮಾತು. ಕೆಲವೇ ದಿನದಲ್ಲಿ ಹೆಂಗಸರು ಅದನ್ನು ಕಾಡೆಣ್ಣೆ ಅಂತ ಕರೆಯತೊಡಗಿದರು. ಔಷಧಿ ಅನ್ನುವ ಹೆಸರು ತಾನಾಗೇ ಬಿದ್ದುಹೋಯಿತು.

ವಾಪಸ್ ಬಂದ ಮೇಲಿನ ಸ್ನಾನದ ವಿಷಯ ಅಕ್ಕನಿಗೆ ಬಗೆಹರಿದಿರಲಿಲ್ಲ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೆ ಬರ ಇಲ್ಲ. ಆದರೆ ಜನ ಕಾಡಿಂದ ಬಂದವರೇ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ಸಂಜೆ ಯಾವಾಗಲೋ ಸ್ನಾನ ಮಾಡುತ್ತಿದ್ದರು. ಈ ಕಷ್ಟವನ್ನು ಅಕ್ಕ ಒಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದಾಗ, ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅಜ್ಜಿ ತಲೆ ಎತ್ತದೆ ಹೇಳಿದರು: "ಕ್ಷೌರ ಮಾಡಿಸ್ಕಂಡು ಬಂದೋರನ್ನ ಸ್ನಾನ ಆಗದೆ ಒಳಗೆ ಬಿಡ್ತೀವೇನೆ? ಹಾಂಗೇ ಇದೂ."

ಅಷ್ಟೇ. ಇದಕ್ಕೆ ಪ್ರತ್ಯೇಕ ವಿವರಣೆ ಬೇಕಾಗಲಿಲ್ಲ. ಕ್ಷೌರದಂಗಡಿಯಿಂದ ಬಂದ ಗಂಡಸು ನೇರವಾಗಿ ಹಿಂದಿನಿಂದ ಬಚ್ಚಲಿಗೆ ಹೋಗೋದು ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಯಾರೂ ಯಾಕೆ ಅಂತ ಕೇಳಲ್ಲ. ಅಕ್ಕ ಈ ಮಾತನ್ನು ಎತ್ತಿಕೊಂಡು ಉಳಿದ ಮನೆಗೆಲ್ಲ ಹೋದರು. ಕಾಡಿನ ಅಂಗಿ ಜಗಲಿ ಹತ್ತಬಾರದು ಅನ್ನುವ ನಿಯಮ ಹುಟ್ಟಿದ್ದು ಹೀಗೆ, ಅದನ್ನು ಕಾಯುವ ಕೆಲಸವನ್ನು ಪ್ರತಿ ಮನೆಯಲ್ಲೂ ಅಜ್ಜಿಯರೇ ವಹಿಸಿಕೊಂಡರು. ನಮ್ಮ ತರಬೇತಿ ಪುಸ್ತಕದಲ್ಲಿ ಅಜ್ಜಿಯರಿಗೆ ಒಂದು ಸಾಲೂ ಇಲ್ಲ.

ಅಳತೆ ಮೋಸ ಮಾಡಿದ್ದು

ಹಚ್ಚಿದ್ರಾ ಅಂತ ಕೇಳಿದರೆ ಹೌದು ಅಂತಾರೆ ಅನ್ನೋದು ಗೊತ್ತಾಗಿತ್ತಲ್ಲ, ಹಾಗಾಗಿ ಅಕ್ಕ ಕೇಳೋದನ್ನೇ ನಿಲ್ಲಿಸಿದರು. ಎಣ್ಣೆ ಎಲ್ಲಿವರೆಗೆ ಇದೆಯೋ ಅಲ್ಲಿಗೆ ಹಣೆಗೆ ಇಡುವ ಟಿಕ್ಲಿ ಅಂಟಿಸಿದರು. ಎಣ್ಣೆ ಕೈ ತಾಗಿ ಟಿಕ್ಲಿ ಉದುರತೊಡಗಿದವು, ಆಗ ಮಗಳ ನೈಲ್ ಪಾಲಿಶ್ ತಂದು ಗೆರೆ ಎಳೆದರು. ಪ್ರತಿ ವಾರ ಒಂದು ಹೊಸ ಕೆಂಪು ಗೆರೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಮುಕ್ಕಾಲುಪಾಲು ಮನೆಯ ಬಾಟಲಿಯಲ್ಲಿ ಗೆರೆಗಳು ಏಣಿ ಮೆಟ್ಟಿಲ ಹಾಗೆ ಇಳಿದಿದ್ದವು.

ಎರಡು ಮನೆಯಲ್ಲಿ ತುಂಬ ಬೇಗ ಇಳಿದಿತ್ತು. ಅಕ್ಕ ಮೆಚ್ಚಿಕೊಂಡು ಎರಡನೇ ಬಾಟಲಿ ಕೊಟ್ಟರು. ಆಮೇಲೆ ಮಾತಿಗೆ ಮಾತು ಬಂದು ಗೊತ್ತಾಯಿತು, ಒಂದು ಮನೆಯವರು ಅದನ್ನು ದನದ ಕಿವಿಗೆ, ಗಂಗೆದೊಗಲಿಗೆ ಹಚ್ಚುತ್ತಿದ್ದರು. "ಉಣುಗು ಹೋಗುತ್ತೆ ಅಂದ್ರಲ್ಲ ಅಕ್ಕ, ಉಣುಗು ಇರೋದೇ ದನದ ಮೈಲಿ." ಬೈಯೋಣ ಅಂತ ಬಾಯಿ ತೆರೆದವರು ಅಕ್ಕ ಸುಮ್ಮನಾದರಂತೆ. ಆಕೆ ಹೇಳಿದ್ದರಲ್ಲಿ ತಪ್ಪೇನಿದೆ? ಕಾಡಿಗೆ ಹೋಗಿ ಬರುವ ದನ ಉಣುಗನ್ನು ಊರಿಗೆ ತರೋದು ನಿಜ. ಆಕೆಯೂ ತನ್ನ ಕೈಗೆ ಸಿಕ್ಕ ಸಾಮಾನಿಗೆ ಒಂದು ಹೊಸ ಉಪಯೋಗ ಹುಡುಕಿದ್ದಾಳೆ. ದನಕ್ಕೆ ಬೇರೆ ಔಷಧಿ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಬೇಕು ಅಂತ ಅಕ್ಕ ತಾವೇ ಜೊತೆಗೆ ಹೋಗಿ ಬಂದರು.

ಆ ಬೇಸಿಗೆಯಲ್ಲಿ ಮಜರೆಯಲ್ಲಿ ಯಾರಿಗೂ ಮಂಗನ ಕಾಯಿಲೆ ಬರಲಿಲ್ಲ. ಇದು ಮೊಳೆಯಿಂದಲೇ ಆಯ್ತು ಅಂತ ನಾನು ಬರೆಯಲ್ಲ. ಮೂವತ್ತು ಮನೆ, ಒಂದು ಬೇಸಿಗೆ, ಇಷ್ಟರಲ್ಲಿ ಹಾಗೆ ಹೇಳೋದಕ್ಕೆ ಆಗಲ್ಲ. ಬಾಟಲಿ ಖಾಲಿಯಾಯಿತು, ಅಂಗಿ ಜಗಲಿ ಹತ್ತೋದು ನಿಂತಿತು. ಅಷ್ಟನ್ನು ಧೈರ್ಯವಾಗಿ ಹೇಳಬಹುದು.

ಬೇರೆಯವರಿಗೆ ಇದರಲ್ಲಿ ಏನಿದೆ

ಮುಂದಿನ ತರಬೇತಿಯಲ್ಲಿ ನಾನು ಈ ಕಥೆ ಹೇಳಿದೆ. ಎಲ್ಲರಿಗೂ ಹಿಡಿಸಿತು, ಎಲ್ಲರೂ ಕತ್ತಿಮೊಳೆ ಅಂತ ಬರೆದುಕೊಂಡರು. ಅಲ್ಲೇ ನನಗೆ ಸ್ವಲ್ಪ ಅಳುಕು. ಜನ ಮೊಳೆಯನ್ನು ಬರೆದುಕೊಂಡರು, ಬೆಳಿಗ್ಗೆ ಆರೂವರೆಯನ್ನು ಬರೆದುಕೊಳ್ಳಲಿಲ್ಲ. ಉಪಾಯ ಕದಿಯೋದು ಸುಲಭ, ಆದರೆ ಅದು ಒಂದು ಊರಿನ ಒಂದು ಹಿತ್ತಲಿಗೆ ಹೊಲಿದ ಅಂಗಿ. ನಾವು ಸಹಾಯ ಮಾಡಬೇಕು ಅಂದುಕೊಂಡ ಜನರ ದಿನ ಹೇಗೆ ಶುರುವಾಗುತ್ತದೆ, ಯಾವ ಬಾಗಿಲಿಂದ ಹೊರಡುತ್ತಾರೆ, ಕೈ ಮೊದಲು ಯಾವುದನ್ನು ಮುಟ್ಟುತ್ತದೆ, ಇದನ್ನು ಹೋಗಿ ನೋಡಬೇಕು. ನೋಡೋದಕ್ಕೆ ದುಡ್ಡು ಬೇಡ, ಅನುಮತಿ ಬೇಡ. ಹೊತ್ತು ಬೇಕು, ಮತ್ತೆ ಬಾಯಿ ಮುಚ್ಚಿಕೊಂಡು ಜೊತೆಗೆ ನಡೆಯುವ ತಾಳ್ಮೆ ಬೇಕು. ಶಾಲೆಯಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ, ಮನೆಯಲ್ಲಿ ವಯಸ್ಸಾದವರಿಗೆ ಮಾತ್ರೆ ಕೊಡೋದರಲ್ಲೂ ಇದು ಹೀಗೇ ಅಂತ ನನಗೆ ಈಗ ಅನ್ನಿಸುತ್ತದೆ. ಜನ ಹೇಳಿದ ಮಾತು ಕೇಳಲ್ಲ ಅಂತ ಸಿಟ್ಟು ಬಂದಾಗಲೆಲ್ಲ ನಾನು ಆ ಸೀಲ್ ಒಡೆಯದ ಬಾಟಲಿಯನ್ನು ನೆನಪು ಮಾಡಿಕೊಳ್ಳುತ್ತೇನೆ.

ಬಗೆಹರಿಯದ್ದೂ ಇದೆ. ಜೇನಿಗೆ ಹೋಗುವವರು ಯಾವ ಮೊಳೆಯಿಂದಲೂ ಹೊರಡಲ್ಲ, ಯಾವಾಗ ಹೊರಡುತ್ತಾರೆ ಅಂತಲೂ ಹೇಳಲ್ಲ. ಹೊರಗಿನಿಂದ ತೋಟದ ಕೆಲಸಕ್ಕೆ ಬರುವವರ ಕೈಯಲ್ಲಿ ಬಾಟಲಿಯೇ ಇಲ್ಲ.

ಮೊನ್ನೆ ಪಕ್ಕದ ಪಂಚಾಯಿತಿಯ ಇನ್ನೊಬ್ಬ ಆಶಾ ಕಾರ್ಯಕರ್ತೆ ಅಕ್ಕನಿಗೆ ಫೋನ್ ಮಾಡಿದ್ದರಂತೆ. ಅವರ ಊರಲ್ಲಿ ಕತ್ತಿಮೊಳೆ ಉಪಾಯ ನಡೆಯಲಿಲ್ಲ. ಅಲ್ಲಿ ಗಂಡಸರು ಬೈಕಿನಲ್ಲಿ ಬೆಟ್ಟಕ್ಕೆ ಹೋಗುತ್ತಾರೆ, ಕತ್ತಿ ಬೈಕಿನಲ್ಲೇ ಇರುತ್ತದೆ, ಕೊಟ್ಟಿಗೆಯೇ ಇಲ್ಲದ ಮನೆ ಎಷ್ಟೋ. ಈಗ ಏನು ಮಾಡಲಿ ಅಂತ ಕೇಳಿದ್ದಕ್ಕೆ ಅಕ್ಕ ಕೇಳಿದ್ದು, "ಅವರು ಬೆಳಿಗ್ಗೆ ಬೈಕ್ ಹತ್ತೋದು ಎಷ್ಟೊತ್ತಿಗೆ? ಹತ್ತೋಕೆ ಮುಂಚೆ ಏನು ಮಾಡ್ತಾರೆ ನೋಡಿದೀಯಾ?"